ರಬ್ಬರ್ ಶೀಟಿನ ಹಿಂದೆ ಉಳಿದ ಕಾಗದ

ನಮ್ಮ ದಾರಿಯ ಬಾಯಲ್ಲಿ ನಿಂತಿರುವ ಟಪಾಲು ಪೆಟ್ಟಿಗೆಯನ್ನು ನೋಡಿ ಅಂಥದ್ದೇ ಒಂದು ಮಾಡಿಕೊಡಿ ಎಂದು ಕೇಳುವವರು ಈಗಲೂ ಇದ್ದಾರೆ. ದೂರದ ಪಂಜ ಎಂಬ ಊರಿನಿಂದಲೂ ಒಬ್ಬರು ಬಂದಿದ್ದರು. ಹೇಗೆ ಮಾಡುವುದೆಂದು ಹೇಳಿಕೊಡುತ್ತೇನೆ, ನಾನು ಮಾಡಿಕೊಡುವುದಿಲ್ಲ. ಯಾಕೆಂದು ಇಲ್ಲಿ ಬರೆಯುತ್ತೇನೆ.

ಆಲಂಕಾರಿನಿಂದ ಕಡಬಕ್ಕೆ ಹೋಗುವ ಡಾಮರು ರಸ್ತೆಯಿಂದ ನಮ್ಮ ಮಣ್ಣಿನ ದಾರಿ ಒಡೆಯುವಲ್ಲಿ ಮೊದಲು ಒಂದು ಅಂಗಡಿ ಇತ್ತು. ನಮ್ಮ ಕಡೆಯ ನಾಲ್ಕು ಮನೆಗಳ ಕಾಗದಗಳನ್ನು ಪೋಸ್ಟಿನವನು ಅಲ್ಲೇ ಕೊಟ್ಟು ಹೋಗುತ್ತಿದ್ದ. ಅಂಗಡಿಯವರು ಪುತ್ತೂರಿಗೆ ಮನೆ ಬದಲಿಸಿದ ಮೇಲೆ ಬೇಲಿಯ ತಂತಿಗೆ ಸಿಕ್ಕಿಸಿ ಹೋಗತೊಡಗಿದ. ಒಂದು ಮಳೆಗೆ ಎಲ್ಲ ಮುದ್ದೆಯಾಯಿತು. ಪೆಟ್ಟಿಗೆ ನಾನೇ ಮಾಡುತ್ತೇನೆ ಎಂದೆ. ಹತ್ತನೇ ತರಗತಿ ಮುಗಿಸಿ ಪಂಪು ರಿಪೇರಿ ಮಾಡಿ ಬದುಕಿದವನು ನಾನು. ಕೈಕೆಲಸದಲ್ಲಿ ನನಗೆ ಹೆಸರಿತ್ತು. ಆ ಹೆಸರಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಆಸೆಯೂ ಇತ್ತು.

ಮೊದಲು ಪಿವಿಸಿ ಪೈಪಿನ ತುಂಡಿನಲ್ಲಿ ಮಾಡಿದೆ. ಕಾಗದವನ್ನು ಸುರುಳಿ ಸುತ್ತಿ ಹಾಕಬೇಕಿತ್ತು, ಮೇಲಾಗಿ ಇರುವೆಗಳು ಒಳಗೆ ಸಂಸಾರ ಹೂಡಿದವು. ಪ್ಲೈವುಡ್ಡಿನದು ಮಳೆಗಾಲದಲ್ಲಿ ಉಬ್ಬಿತು. ಮೂರನೆಯದನ್ನು ಹಳೆಯ ಕಪಾಟಿನ ತಗಡಿನಿಂದ ಮಾಡಿದೆ. ಸೂರಿನಂತೆ ಮುಂದಕ್ಕೆ ಇಳಿದ ಮಾಡು, ಅದರ ಅಡಿಯಲ್ಲಿ ಕಾಗದ ಹಾಕುವ ಸೀಳು, ಹಿಂದುಗಡೆ ಬೀಗದ ಬಾಗಿಲು, ತಳದಲ್ಲಿ ಸಣ್ಣ ತೂತುಗಳು. ಕಬ್ಬಿಣದ ಪೈಪಿನ ಕಂಬಕ್ಕೆ ಇರುವೆ ಹತ್ತದಂತೆ ಗ್ರೀಸು ಬಳಿದೆ. ಪೋಸ್ಟಿನವನು ಬೈಕಿನಿಂದ ಇಳಿಯದೆ ಹಾಕುವಂತಿರಬೇಕೆಂದು ಅವನನ್ನೇ ನಿಲ್ಲಿಸಿ ಮೊಣಕೈಯ ಎತ್ತರ ಅಳೆದೆ.

"ಎಂತ ಅಣ್ಣ, ನನಗೆ ಅಂಗಿ ಹೊಲಿಸ್ತೀರಾ?" ಎಂದು ಅವನು ನಕ್ಕಿದ್ದ.

ಓರೆ ಮಳೆ ಸೀಳಿನಿಂದ ಒಳಗೆ ಬರುತ್ತಿತ್ತು. ಒಳಬದಿಗೆ ಒಂದು ಪರದೆ ಬೇಕಾಯಿತು. ನೆರೆಮನೆಯ ಚೇಟತ್ತಿಯ ಅಂಗಳದಲ್ಲಿ ರಬ್ಬರ್ ಶೀಟು ಒಣಗುತ್ತಿತ್ತು. ಕೇರಳದಿಂದ ರಬ್ಬರ್ ನೆಡಲು ಬಂದ ಕುಟುಂಬದ ವಿಧವೆ ಅವರು. ಅವರ ಕಡೆ ಹಿರಿಯ ಹೆಂಗಸರನ್ನು ಚೇಟತ್ತಿ ಎನ್ನುತ್ತಾರೆ, ನಾವೂ ಹಾಗೇ ಕರೆಯುವುದು. "ಹೊಗೆ ಹಾಕಿದ್ದು ತಕೊಳ್ಳಿ ಅಣ್ಣ, ಇದು ಹಸಿ. ಬಿಸಿಲಿಗೆ ಅಂಟ್ತದೆ" ಎಂದರು. ಹೊಗೆ ಹಾಕಿದ್ದು ಕಪ್ಪು ಕಂದು. ನನಗೆ ಬಿಳಿಯದ್ದೇ ಚಂದ ಕಂಡಿತು. ಅದನ್ನೇ ಕತ್ತರಿಸಿ ತೂಗುಹಾಕಿದೆ. ಸೈಕಲ್ ಟ್ಯೂಬಿನ ತುಂಡು ಸಾಕಿತ್ತು. ಈಗ ಕೇಳುವವರಿಗೆ ಅದನ್ನೇ ಹೇಳುವುದು.

ಚೇಟತ್ತಿಯ ಅಕ್ಕ ಕಣ್ಣೂರಿನ ಆಚೆ ಒಂದು ಕನ್ಯಾಸ್ತ್ರೀ ಮಠದಲ್ಲಿದ್ದರು. ಹೊರಗೆ ಕಾಲಿಡದ, ಮೊಬೈಲು ಇಟ್ಟುಕೊಳ್ಳದ ಮಠ. ನೋಡಬೇಕಾದರೆ ಅವರು ಕಾಗದದಲ್ಲಿ ದಿನ ತಿಳಿಸಬೇಕು, ಸರಳುಗಳ ಆಚೆ ಈಚೆ ಕೂತು ಮಾತಾಡಬೇಕು. ತಾಯಿ ತೀರಿಕೊಂಡಾಗ ಅಕ್ಕ ಬಂದಿರಲಿಲ್ಲ. "ನೀನು ಗೋಡೆ ಹಿಂದೆ ಅಡಗಿ ಕೂತೆ, ಅಮ್ಮನ ಹೊಲಸು ಬಾಚಿದ್ದು ನಾನು" ಎಂದು ಚೇಟತ್ತಿ ಬರೆದುಬಿಟ್ಟಿದ್ದರು. ಆಮೇಲೆ ಎಷ್ಟೋ ವರ್ಷ ಇಬ್ಬರ ನಡುವೆ ಒಂದಕ್ಷರವಿಲ್ಲ. ಪೆಟ್ಟಿಗೆ ನಿಲ್ಲಿಸಿದ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಇವರೇ ಕ್ಷಮೆ ಕೇಳಿ, ಒಮ್ಮೆ ನೋಡಲು ಬರಲೇ ಎಂದು ಬರೆದರು.

"ಅವಳು ಬಾ ಅಂದ್ರೆ ಉಪವಾಸದ ನೋಂಬಿನ ಮೊದಲೇ ಹೋಗ್ಬೇಕು ಅಣ್ಣ. ನೋಂಬು ಹಿಡಿದ ಮೇಲೆ ಈಸ್ಟರ್ ಆಗುವವರೆಗೆ ಯಾರನ್ನೂ ಒಳಗೆ ಬಿಡುದಿಲ್ಲ. ಅವಳಿಗೆ ಎಂಬತ್ತು ದಾಟಿತು."

"ಮಠದ ಆಫೀಸಿಗಾದ್ರೂ ಒಂದು ಫೋನು ಮಾಡಿ ಮಾರಾಯ್ರೆ."

"ಎಂತ ಅಂತ ಕೇಳುದು? ನನ್ನ ಅಕ್ಕ ನನ್ನನ್ನು ಕ್ಷಮಿಸಿದ್ಲಾ ಅಂತ ಬೇರೆಯವರ ಹತ್ತಿರ ಕೇಳುದಾ?"

ದಿನಾ ಬೈಕಿನ ಸದ್ದು ಕೇಳಿದ ಕೂಡಲೇ ಅವರು ಪೆಟ್ಟಿಗೆಯ ಹತ್ತಿರ ಬರುತ್ತಿದ್ದರು. ಬಾಗಿಲು ತೆಗೆದು ಬಗ್ಗಿ ನೋಡಿ, ಕೈ ಹಾಕಿ ಮೂಲೆಗಳನ್ನು ತಡವಿ, ಮತ್ತೆ ಬೀಗ ಹಾಕುತ್ತಿದ್ದರು. ಶಿವರಾತ್ರಿಯ ಹೊತ್ತಿನ ಬಿಸಿಲು ಏರುತ್ತಿತ್ತು. "ಅವಳು ಬರೆಯುದಿಲ್ಲ, ಅಷ್ಟೆ" ಎಂದರು ಒಂದು ದಿನ. ನನ್ನ ಪೆಟ್ಟಿಗೆಯಲ್ಲಿ ಕಾಗದ ಕಳೆಯುವುದಿಲ್ಲ, ಇದು ಪೋಸ್ಟಿನವನ ಕೆಲಸ ಎಂದೆ ನಾನು. ಮರುದಿನ ನಾಲ್ಕು ಮನೆಯವರೆದುರೇ ಅವನನ್ನು ತಡೆದೆ.

"ಚೀಲದ ತಳ ಯಾವಾಗಲಾದ್ರೂ ಕೊಡವಿದ್ದು ಉಂಟಾ?"

"ಅಣ್ಣ, ಮಲಯಾಳದ್ದು ಒಂದು ಮೊನ್ನೆಯೇ ಹಾಕಿದ್ದೇನೆ. ನನಗೆ ನೆನಪುಂಟು."

"ಹಾಗಾದ್ರೆ ಪೆಟ್ಟಿಗೆ ತಿಂದಿತಾ?"

ಎಲ್ಲರೂ ನಕ್ಕರು. ಅವನು ಕೆಂಪಾಗಿ ಬೈಕು ತಿರುಗಿಸಿದ.

ಶನಿವಾರ ಮಧ್ಯಾಹ್ನ ಕೀಲಿಗೆ ಎಣ್ಣೆ ಬಿಡಲು ಹೋದೆ. ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ. ಸೀಳಿನಿಂದ ಬೆರಳು ತೂರಿಸಿದೆ, ಪರದೆ ಅಲುಗಲಿಲ್ಲ. ಕಾದ ತಗಡಿಗೆ ಹಸಿ ಶೀಟು ಮೆತ್ತಿಕೊಂಡಿತ್ತು. ಕಿತ್ತರೆ ಅದರ ಮತ್ತು ತಗಡಿನ ನಡುವೆ ಒಂದು ಲಕೋಟೆ. ಚೇಟತ್ತಿಯ ಹೆಸರು, ಮೇಲೆ ಕಣ್ಣೂರಿನ ಕಡೆಯ ಮುದ್ರೆ.

ಅಲ್ಲಿಂದ ಅವರ ಅಂಗಳ ಕಾಣುತ್ತದೆ. ಅವರು ಶೀಟು ತಿರುವಿ ಹಾಕುತ್ತಿದ್ದರು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಪೆಟ್ಟಿಗೆ ತಿಂದಿತಾ ಎಂದು ಕೇಳಿದ ಮಾತು ನನ್ನ ಬಾಯಲ್ಲೇ ಇನ್ನೂ ಇತ್ತು. ಲಕೋಟೆಯನ್ನು ಅಂಗಿಯ ಕಿಸೆಗೆ ಹಾಕಿದೆ. ಸೋಮವಾರ ಟಪಾಲು ಬಂದ ಮೇಲೆ ಪೆಟ್ಟಿಗೆಗೆ ಹಾಕಿದರೆ ಆಗಲೇ ಬಂದಂತೆ ಆಗುತ್ತದೆ. ನೋಂಬು ಬೂದಿ ಬುಧವಾರದಿಂದ, ಮಂಗಳವಾರ ಅವರು ಹೋಗಿ ಬರಬಹುದು. ಹೀಗೆ ಲೆಕ್ಕ ಹಾಕಿದೆ. ಮಂಗಳೂರಿನ ಕ್ರೈಸ್ತರ ನಡುವೆ ಕೆಲಸ ಮಾಡಿದ ನನಗೆ ಬುಧವಾರ ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

ಆದಿತ್ಯವಾರ ಇಗರ್ಜಿಯಿಂದ ಬಂದವರೇ ಚೇಟತ್ತಿ ಪಾತ್ರೆಯಲ್ಲಿ ಕೋಳಿ ಪದಾರ್ಥ ತಂದರು.

"ಇವತ್ತು ಮನೆಯಲ್ಲಿದ್ದ ಮಾಂಸ, ಮೊಟ್ಟೆ ಎಲ್ಲ ಮುಗಿಸುದು. ನಾಳೆಯಿಂದ ನೋಂಬು."

"ನಾಳೆಯಾ? ಬುಧವಾರ ಅಲ್ವಾ?"

"ಅದು ಮಂಗಳೂರಿನವರಿಗೆ ಅಣ್ಣ. ನಮ್ಮ ಕೇರಳದ ಇಗರ್ಜಿಯವರಿಗೆ ಸೋಮವಾರವೇ." ಪಾತ್ರೆ ಇಟ್ಟು ಸೆರಗಿನಿಂದ ಕೈ ಒರೆಸಿಕೊಂಡರು. "ಬರೆಯಲಿಲ್ಲ ಅವಳು. ಆಯ್ತು, ನಾನು ಹೇಳಿದ ಮಾತು ಸಣ್ಣದಲ್ಲ."

ಅವರ ಬೆನ್ನ ಹಿಂದೆ ಗೋಡೆಯ ಮೊಳೆಯಲ್ಲಿ ನನ್ನ ಅಂಗಿ ತೂಗುತ್ತಿತ್ತು. ಕಿಸೆಯಿಂದ ಲಕೋಟೆಯ ತುದಿ ಕಾಣುತ್ತಿದೆಯೇ ಎಂಬ ಭಯದಲ್ಲಿ ನಾನು ಅವರ ಮುಖವನ್ನೇ ನೋಡುತ್ತಾ ಕೂತೆ. ತಗಡಿಗೆ ಅಂಟಿದ್ದು ನನ್ನ ತಪ್ಪು ಲೆಕ್ಕ, ಅದನ್ನು ಯಾರಾದರೂ ಕ್ಷಮಿಸಿಯಾರು. ಆ ಹೊತ್ತಿನಲ್ಲಿ ಎದ್ದು ಕೊಡದೇ ಇದ್ದದ್ದು ಹಾಗಲ್ಲ. "ಊಟ ಮಾಡಿ, ಆರ್ತದೆ" ಎಂದು ಅವರು ಹೋದರು. ನಾನು ಊಟ ಮಾಡಿದೆ ಕೂಡ.

ಸೋಮವಾರ ಬೈಕು ಮುಂದೆ ಹೋದದ್ದೇ ಲಕೋಟೆ ಹಾಕಿದೆ. ಚೇಟತ್ತಿ ತೆಗೆದು ಅಲ್ಲೇ ಒಡೆದು ಓದಿದರು, ಓದುತ್ತಾ ಮಣ್ಣಿನ ಮೇಲೆ ಕೂತುಬಿಟ್ಟರು. ನೆರೆಯವರು ಓಡಿ ಬಂದರು. ಅಕ್ಕ ಬಾ ಎಂದಿದ್ದರು. ನಿನ್ನ ಮಾತು ನಾನು ಯಾವತ್ತೋ ಮರೆತೆ, ಆದಿತ್ಯವಾರ ಸಂಜೆಯ ಪ್ರಾರ್ಥನೆಯವರೆಗೆ ಕಾಯುತ್ತೇನೆ ಎಂದಿದ್ದರು.

ಪೋಸ್ಟಿನವನು ಹಿಂದಿರುಗಿ ಬರುವಾಗ ಎಲ್ಲರೂ ಅವನನ್ನು ಸುತ್ತಿಕೊಂಡರು. ಚೇಟತ್ತಿ ಬೈಯಲಿಲ್ಲ. ಲಕೋಟೆಯನ್ನು ಮಾತ್ರ ಮುಂದೆ ಹಿಡಿದರು. "ಮುದ್ರೆ ನೋಡು ಮಗಾ. ಇಷ್ಟು ದಿನ ಎಲ್ಲಿ ಇಟ್ಟಿದ್ದಿ?"

"ಇವನ ಮೇಲೆ ಕಂಪ್ಲೇಂಟ್ ಕೊಡ್ಬೇಕು" ಎಂದರು ಕೆಳಮನೆಯವರು.

ಅವನು ಬೈಕು ನಿಲ್ಲಿಸಿ, ಚೀಲವನ್ನು ಹೆಗಲಿನಿಂದ ತೆಗೆದು ಸೀಟಿನ ಮೇಲಿಟ್ಟ. "ನಡೀರಿ ದೈವಸ್ಥಾನಕ್ಕೆ. ನನ್ನ ಮಕ್ಕಳ ಮೇಲೆ ಪ್ರಮಾಣ ಮಾಡ್ತೇನೆ. ಆಮೇಲೆ ನೀವು ಹೇಳಿದ ಹಾಗೆ."

ನಮ್ಮಲ್ಲಿ ದೈವದೆದುರು ಪ್ರಮಾಣಕ್ಕೆ ನಿಂತವನನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಸತ್ಯ ಹೇಳುವವನೂ ಮಕ್ಕಳ ಹೆಸರೆತ್ತಬೇಕಾದರೆ ನಡುಗುತ್ತಾನೆ. ಅವನು ಆಗಲೇ ದೈವಸ್ಥಾನದ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದ.

"ಬೇಡ," ಎಂದೆ. "ಕಾಗದ ನನ್ನ ಹತ್ತಿರ ಇತ್ತು."

ಶೀಟಿನ ವಿಷಯ ಹೇಳಿದೆ. ಚೇಟತ್ತಿ ಎರಡೇ ಮಾತು ಕೇಳಿದರು.

"ನಿನ್ನೆ ನಾನು ಬಂದಾಗ?"

"ಅಂಗಿಯ ಕಿಸೆಯಲ್ಲಿತ್ತು."

"ನಾಳೆಯಿಂದ ನೋಂಬು ಅಂದ ಮೇಲೂ?"

ಹೌದೆಂದು ತಲೆಯಾಡಿಸಿದೆ. ಪೋಸ್ಟಿನವನ ಎದುರು ಕೈ ಮುಗಿದೆ. "ನೀವು ದೊಡ್ಡವರು, ಕೈ ಮುಗಿಯುದು ಬೇಡ" ಎಂದ, ನನ್ನನ್ನು ನೋಡದೆ. ಚೀಲ ಹೆಗಲಿಗೇರಿಸಿ ಹೊರಟ.

ಈಸ್ಟರ್ ಮುಗಿದ ವಾರ ಚೇಟತ್ತಿ ನಮ್ಮ ಮೆಟ್ಟಿಲ ಕೆಳಗೆ ನಿಂತು ಕರೆದರು. "ನಾಳೆ ಹೋಗ್ತೇನೆ. ನೀವೂ ಬನ್ನಿ. ಎಷ್ಟು ದೂರ ಅಂತ ನಿಮಗೂ ಗೊತ್ತಾಗಲಿ."

ಬೆಳಿಗ್ಗೆ ಸುಳ್ಯಕ್ಕೆ ಹೋಗಿ, ಅಲ್ಲಿಂದ ಕಾಸರಗೋಡಿನ ಬಸ್ಸು, ಮತ್ತೆ ರೈಲು. ಮೂರು ಗಂಟೆಗೆ ಮಠದ ಬಾಗಿಲಲ್ಲಿದ್ದೆವು. ಆ ಆದಿತ್ಯವಾರ ಕಾಗದ ಕೊಟ್ಟು ಒಂದು ಜೀಪು ಮಾಡಿಸಿದ್ದರೆ ಸಂಜೆಯ ಪ್ರಾರ್ಥನೆಗೆ ಮೊದಲೇ ತಲುಪುತ್ತಿದ್ದೆವು.

ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಒಳಗೆ ಚೇಟತ್ತಿಯ ದನಿ ಬಹಳ ಹೊತ್ತು ಕೇಳಿಸಿತು. ಅವರದ್ದೊಂದೇ ದನಿ.

ಹೊರಗೆ ಬಂದವರು ಚಪ್ಪಲಿ ಹಾಕಿಕೊಂಡರು. "ನೋಂಬಿನ ನಡುವೆ ಪಾರ್ಶ್ವವಾಯು ಹೊಡೆಯಿತಂತೆ. ಮಾತು ಇಲ್ಲ. ಕೇಳಿಸ್ತದೆ ಅಂತ ಕಾಣ್ತದೆ. ಸರಳಿನಿಂದ ಬೆರಳು ಹಿಡಿದ್ಲು."

ನಾನು ಏನೋ ಹೇಳಲು ಹೊರಟೆ.

"ನಡೀರಿ, ರೈಲು ತಪ್ತದೆ" ಎಂದರು. ರೈಲಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇತ್ತು. ಅವರು ಅದನ್ನು ದಾಟಿ ಮುಂದಿನ ಕಿಟಕಿಯ ಬಳಿ ಹೋಗಿ ಕೂತರು.