ಪರಿವಿಡಿಯ ಕಪ್ಪು ಗೆರೆ

ಬಂಧುಗಳೇ, ಗುರುಚರಣರು ಪ್ರಸಿದ್ಧರಲ್ಲ. ಏಕಾದಶಿಯ ಸಂಜೆ ನಾನು ಪ್ರವಚನವೆಂದು ನಾಲ್ಕು ಮಾತು ಹೇಳುವ ತಿರುವಲ್ಲಿಕ್ಕೇಣಿಯ ಮಠದಲ್ಲಿ, ಕೊನೆಯ ಸಾಲಿನ ಕಂಬಕ್ಕೆ ಒರಗಿ ಕೂಡುವ ಐವತ್ತೆಂಟರ ಗೃಹಸ್ಥರು. ಮೂರು ತಲೆಮಾರಿನಿಂದ ಮದರಾಸಿನವರು; ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನುಂಗಂಬಾಕ್ಕಂನ ಸಂಗೀತ ಮಾಸಪತ್ರಿಕೆಯೊಂದರಲ್ಲಿ ಪುಟಗಳ ವಿನ್ಯಾಸ ಮಾಡುವುದು ಅವರ ಉದ್ಯೋಗ. ಆ ಪತ್ರಿಕೆಯ ಹೆಸರು ಇಲ್ಲಿ ಬೇಡ. ತಮ್ಮ ಬದುಕಿನ ಒಂದು ದಿನವನ್ನು ಅವರೇ ನನಗೆ ಹೇಳಿ, "ಬರೀರಿ, ನನ್ನ ಹೆಸರು ಮಾತ್ರ ಮುಚ್ಚಬೇಡಿ" ಎಂದರು. ಅದಕ್ಕಾಗಿ ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಟು, ಕತ್ತರಿ, ಅಳತೆಪಟ್ಟಿ ಹಿಡಿದು ಆ ಕಚೇರಿಗೆ ಹೋದವರು ಅವರು. ಕತ್ತರಿ ಹೋಗಿ ಕಂಪ್ಯೂಟರ್ ಬಂದರೂ ಪತ್ರಿಕೆಯ ಪರಿವಿಡಿ ಮಾತ್ರ ಅವರ ಕೈಯಲ್ಲೇ ಉಳಿಯಿತು. ಎಡಗಡೆ ಪುಟಸಂಖ್ಯೆ, ಅಲ್ಲಿಂದ ಒಂದು ಚುಕ್ಕಿಸಾಲು, ಅದರ ಮುಂದೆ ದಪ್ಪಕ್ಷರದಲ್ಲಿ ಕಲಾವಿದರ ಹೆಸರು, ಕೆಳಗೆ ಲೇಖನದ ತಲೆಬರಹ, ಬಲಗಡೆ ನಾಲ್ಕು ಚಿತ್ರ. ಯಾರ ಹೆಸರೂ ಎರಡು ಸಾಲಿಗೆ ತುಂಡಾಗಬಾರದೆಂದು ಅರ್ಧ ದಿನ ಕೂತು ಅಕ್ಷರದ ಗಾತ್ರ ಹೊಂದಿಸುವರು. ತಮ್ಮವರ ಹೆಸರು ಕೆಳಗೆ ಬಂತೆಂದು ಸಂಗೀತ ಸಭೆಗಳ ಕಾರ್ಯದರ್ಶಿಗಳು ಜಗಳಕ್ಕೆ ಬಂದರೆ, "ಪುಟಸಂಖ್ಯೆಯ ಕ್ರಮ ಸಾರ್, ನನ್ನ ಕ್ರಮ ಅಲ್ಲ" ಎಂದು ಕಾಫಿ ಕೊಟ್ಟು ಕಳಿಸುವರು.

ಆ ಪುಟಕ್ಕೆ ಇನ್ನೊಂದು ಕಟ್ಟಳೆಯೂ ಇತ್ತು. ಅಗಲಿದ ಕಲಾವಿದರ ಚಿತ್ರಕ್ಕೆ ಮಾತ್ರ ಸುತ್ತಲೂ ತೆಳುವಾದ ಕಪ್ಪು ಗೆರೆ. ಬದುಕಿರುವವರ ಚಿತ್ರಕ್ಕೆ ಗೆರೆಯಿಲ್ಲ. ಪತ್ರಿಕೆ ಇದನ್ನು ಎಲ್ಲಿಯೂ ಬರೆದು ತಿಳಿಸಿರಲಿಲ್ಲ. ನಲವತ್ತು ವರ್ಷ ಓದಿದವರಿಗೆ ತಿಳಿಸಬೇಕಾಗಿಯೂ ಇರಲಿಲ್ಲ.

ಕಳೆದ ವರ್ಷ ವಿನ್ಯಾಸದ ಮುಖ್ಯಸ್ಥೆಯಾಗಿ ಹಾಸನದ ಕಡೆಯ ರಚನಾ ಬಂದಳು. ಮೂವತ್ತರ ಹೆಣ್ಣುಮಗಳು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮಾರ್ಗಶಿರದ ಸಂಗೀತ ಕಚೇರಿಗಳ ವಿಶೇಷ ಸಂಚಿಕೆಗೆ ಪರಿವಿಡಿ ಸಿದ್ಧವಾಗುತ್ತಿದ್ದಾಗ ಅವಳು ಗುರುಚರಣರ ಹಿಂದೆ ಬಂದು ನಿಂತಳು.

"ಸಾರ್, ಈ ಚುಕ್ಕಿಸಾಲೆಲ್ಲ ತೆಗೀರಿ. ಬಸ್ ಟೈಮ್‌ಟೇಬಲ್ ಥರ ಕಾಣ್ತಿದೆ."

ಪಕ್ಕದ ಮೇಜಿನ ಮನೀಶ್ ತಲೆಯೆತ್ತದೆ, "ಇಪ್ಪತ್ತೇಳು ಡಿ ಬಸ್ಸು ಎಷ್ಟು ಗಂಟೆಗೆ ಸಾರ್?" ಎಂದ. ಇಬ್ಬರೂ ನಕ್ಕರು. ಗುರುಚರಣರು ಚುಕ್ಕಿಸಾಲು ಅಳಿಸಿದರು.

"ಫೋಟೋ ಹಿನ್ನೆಲೆ ಬಿಳಿ, ಪೇಪರೂ ಬಿಳಿ. ಮುಖಗಳು ತೇಲ್ತಾ ಇವೆ. ನಾಲ್ಕಕ್ಕೂ ತೆಳ್ಳಗೆ ಒಂದು ಕಪ್ಪು ಬಾರ್ಡರ್ ಕೊಡಿ."

"ನಾಲ್ಕಕ್ಕೂನಾ ಮಾ?"

"ಹ್ಞೂಂ. ಯಾಕೆ ಸಾರ್, ಏನಾದ್ರೂ ತೊಂದ್ರೆನಾ?"

ಆ ನಾಲ್ವರಲ್ಲಿ ಒಬ್ಬರು ಮಾತ್ರ ಅಗಲಿದವರು. ಅವಳು ಕೇಳಿದ್ದಳು, ಒಂದೇ ವಾಕ್ಯದ ಉತ್ತರ ಸಾಕಿತ್ತು. ಆದರೆ ಆ ನಗು ಗುರುಚರಣರ ಕಿವಿಯಲ್ಲಿ ಇನ್ನೂ ಇತ್ತು. ಓದುಗರು ಬೈದಾಗ ತಾನೇ ಕಲಿಯಲಿ ಎಂದುಕೊಂಡು, "ಒಣ್ಣುಮಿಲ್ಲೆ ಮಾ" ಎಂದರು, ಏನೂ ಇಲ್ಲ ಎಂದು. ನಾಲ್ಕೂ ಚಿತ್ರಕ್ಕೆ ಗೆರೆ ಬಿತ್ತು. ಸಂಚಿಕೆ ಅಚ್ಚಾಗಿ ಅರ್ಧದಷ್ಟು ಪ್ರತಿಗಳು ಬುಧವಾರ ಅಂಚೆಗೆ ಹೋದವು.

ಸುಳ್ಳಾಡಬಾರದೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಕೇಳಿದಾಗಲೂ ಬಾಯಿ ಬಿಡದಿರುವ ಪಾಪವನ್ನು ಕುರಿತು ಹೇಳಿದ್ದು ತೀರ ಕಡಿಮೆ. ಆ ಲೋಪ ನನ್ನದು.

ಗುರುವಾರ ಹತ್ತೂವರೆಗೆ ಕಚೇರಿಯ ಫೋನು ರಿಂಗಾಯಿತು. ಮೈಲಾಪುರದ ಹಳೆಯ ಚಂದಾದಾರರೊಬ್ಬರು. "ಸಾರ್, ವೀಣೆ ಜಯಲಕ್ಷ್ಮೀ ಮಾಮಿ ಎಪ್ಪೋ ಪೋನಾಂಗ?" ವೀಣೆಯ ಜಯಲಕ್ಷ್ಮೀ ಯಾವಾಗ ತೀರಿಹೋದರೆಂದು ಕೇಳುತ್ತಿದ್ದರು. ಗೆರೆ ಬಿದ್ದ ನಾಲ್ವರಲ್ಲಿ ಆಕೆಯೂ ಒಬ್ಬರು. ಮೈಸೂರಿನಲ್ಲಿ ಆರೋಗ್ಯವಾಗಿ ಪಾಠ ಹೇಳಿಕೊಂಡಿದ್ದವರು.

"ಹೋಗಿಲ್ಲ ಸಾರ್, ತಪ್ಪಾಗಿದೆ" ಎಂದು ಗುರುಚರಣರು ಫೋನಿಟ್ಟರು. ಆ ಪುಟ ಕಟ್ಟುವಾಗ ಅವರಿಗೆ ತುಂಗಮ್ಮನ ನೆನಪೇ ಬಂದಿರಲಿಲ್ಲ.

ತುಂಗಮ್ಮ ಜಯಲಕ್ಷ್ಮಿಯ ಒಡಹುಟ್ಟಿದ ಅಕ್ಕ. ಎಂಬತ್ತರ ಹತ್ತಿರದವರು, ಪುರಸೈವಾಕ್ಕಂನಲ್ಲಿ ಮಗಳ ಮನೆಯಲ್ಲಿ ವಾಸ. ಕಣ್ಣು ಮಂಜಾದ ಮೇಲೆ ಅಕ್ಷರ ಓದಲಾಗದು. ಪರಿವಿಡಿಯ ಚಿತ್ರಗಳನ್ನಷ್ಟೇ ನೋಡಿ, "ಗುರೂ, ಈ ತಿಂಗಳು ಪಿಟೀಲಿನವನಿಗೆ ಒಳ್ಳೇ ಜಾಗ ಕೊಟ್ಟಿದ್ದೀಯ" ಎಂದು ಪ್ರತಿ ಸಂಚಿಕೆಗೂ ಫೋನ್ ಮಾಡುವರು. ಮೂರು ವಾರದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಮಗಳು ಶ್ರೀಪ್ರಿಯಾ ಬ್ಯಾಂಕಿನಲ್ಲಿ ಅಧಿಕಾರಿ; ಹಗಲು ಮನೆಯಲ್ಲಿ ತುಂಗಮ್ಮ ಒಬ್ಬರೇ.

ಮನೆಗೆ ಫೋನ್ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಶ್ರೀಪ್ರಿಯಾಳ ಮೊಬೈಲಿಗೆ ಮಾಡಿದರೆ ಅವಳೂ ಎತ್ತಲಿಲ್ಲ. ಗುರುಚರಣರು ಚಪ್ಪಲಿ ಮೆಟ್ಟಿ ಆಟೋ ಹತ್ತಿದರು.

ಚೇತ್‌ಪೇಟೆಯ ಸೇತುವೆಯ ಮೇಲೆ ವಾಹನಗಳು ಅಲುಗಾಡದೆ ನಿಂತಿದ್ದವು. "ಸ್ವಲ್ಪ ಸೀಕ್ರಂ" ಎಂದು ಮೂರನೆಯ ಸಲ ಹೇಳಿದಾಗ ಚಾಲಕ ಕನ್ನಡಿಯಲ್ಲಿ ನೋಡಿ, "ಪರಕ್ಕ ಮುಡಿಯುಮಾ ಸಾರ್?" ಎಂದ. ಹಾರಿಕೊಂಡು ಹೋಗಲಿಕ್ಕಾಗುತ್ತದೆಯೇ ಎಂಬುದು ಅವನ ಪ್ರಶ್ನೆ. ಡೌಟನ್ ಸಿಗ್ನಲಿನಲ್ಲಿ ಖಾಕಿ ತೊಟ್ಟ ಅಂಚೆಯವನೊಬ್ಬ ಖಾಲಿ ಚೀಲ ಮಡಚಿಕೊಂಡು ಸೈಕಲ್ಲಿನಲ್ಲಿ ಎದುರು ಹೋದ. ಅಂಚೆ ಆಗಲೇ ಮನೆ ಮುಟ್ಟಿದೆಯೆಂದು ತಿಳಿದು ಗುರುಚರಣರು ಆಟೋ ಬಿಟ್ಟು, ಬಟ್ಟೆಯಂಗಡಿಗಳ ಮುಂದಿನ ಜನರನ್ನು ಸರಿಸಿಕೊಂಡು ಓಡಿದರು.

ಎರಡನೆಯ ಮಹಡಿ. ಮರದ ಬಾಗಿಲು ತೆರೆದಿತ್ತು. ಹೊರಗಿನ ಕಬ್ಬಿಣದ ಸರಳುಬಾಗಿಲಿನ ಒಳಗೆ ಕೈ ತೂರಿಸಿ ಚಿಲಕ ತೆಗೆದರು. ಊಟದ ಮೇಜಿನ ಮೇಲೆ ಪತ್ರಿಕೆ ಪರಿವಿಡಿಯ ಪುಟಕ್ಕೇ ತೆರೆದಿತ್ತು. ಅದರ ಮೇಲೆ ಕನ್ನಡಕ. ಬಚ್ಚಲಿನಿಂದ ನೀರು ಸುರಿಯುವ ಸದ್ದು.

ಒಡಹುಟ್ಟಿದವರ ಸಾವಿನ ಸುದ್ದಿ ತಿಳಿದೊಡನೆ ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಳ್ಳುವುದು ನಮ್ಮವರ ಪದ್ಧತಿ. ತುಂಗಮ್ಮ ಅದನ್ನೇ ಮಾಡುತ್ತಿದ್ದರು. ತಣ್ಣೀರು ಕೂಡದು, ಬಚ್ಚಲಿನ ಅಗುಳಿ ಹಾಕಕೂಡದು ಎಂದು ವೈದ್ಯರು ಹೇಳಿದ್ದರು. ಗುರುಚರಣರು ಬಾಗಿಲು ತಳ್ಳಿ ನೋಡಿದರು. ಅಗುಳಿ ಹಾಕಿತ್ತು.

"ಮಾಮಿ, ನಾನು ಗುರುಚರಣ. ನೀರು ನಿಲ್ಸಿ. ಜಯಲಕ್ಷ್ಮೀ ಮಾಮಿ ಚೆನ್ನಾಗಿದ್ದಾರೆ."

ಸದ್ದು ನಿಂತಿತು. ಒಳಗಿನಿಂದ ನಡುಗುವ ದನಿ ಬಂತು: "ನೀನೂ ಮುಚ್ಚಿಡ್ತೀಯಾ ಗುರೂ?"

"ಇಲ್ಲ ಮಾಮಿ, ನಿಜವಾಗ್ಲೂ ಇದ್ದಾರೆ."

"ಶ್ರೀಪ್ರಿಯಾ ಹೇಳಿಕೊಟ್ಟಳಾ, ಹಾರ್ಟ್ ಪೇಷಂಟು, ಸುದ್ದಿ ಹೇಳಬೇಡಿ ಅಂತ? ಮೂರು ವಾರದಿಂದ ಜಯೂದು ಫೋನಿಲ್ಲ. ಯಾಕೆ ಅಂದ್ರೆ, ರೆಸ್ಟ್ ತೊಗೋಮ್ಮಾ ಅಂತಾಳೆ. ಈಗ ಗೊತ್ತಾಯ್ತು."

"ಪುಸ್ತಕದಲ್ಲಿ ತಪ್ಪಾಗಿದೆ ಮಾಮಿ."

"ಆ ಗೆರೆ ಹಾಕೋನು ನೀನು. ನೀನು ತಪ್ಪು ಹಾಕಿದ್ದನ್ನ ನಾನು ಕಂಡಿಲ್ಲ."

ಮತ್ತೆ ನೀರು ಸುರಿಯಿತು. ಗುರುಚರಣರು ಮೈಸೂರಿಗೆ ಫೋನ್ ಹಚ್ಚಿದರು. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದರು. ಅಷ್ಟರಲ್ಲಿ ಒಳಗೆ ಚೊಂಬು ನೆಲಕ್ಕೆ ಬಿದ್ದು ಉರುಳಿತು. ಆಮೇಲೆ ಏನೂ ಕೇಳಿಸಲಿಲ್ಲ.

"ಹರಿಯೇ, ನನ್ನ ಹಠಕ್ಕೆ ಈ ಜೀವ ತೆಗೆದುಕೊಳ್ಳಬೇಡ ಎಂದು ಬೇಡಿದೆ. ಅದಕ್ಕಿಂತ ಹೆಚ್ಚಿನ ಪ್ರಾರ್ಥನೆ ನನಗೆ ಬರಲಿಲ್ಲ" ಎಂದು ಅವರು ನನ್ನೊಡನೆ ಹೇಳಿದರು. ಅದಕ್ಕಿಂತ ಹೆಚ್ಚಿನದು ನನಗೂ ತಿಳಿಯದು.

ಭುಜ ಕೊಟ್ಟು ಬಾಗಿಲು ನೂಕುತ್ತಿರುವಾಗ ಫೋನಿನಲ್ಲಿ ದನಿ ಬಂತು. "ಯಾರು ಅದು, ಪಾಠದ ಹೊತ್ತಲ್ಲಿ ಮೇಲಿಂದ ಮೇಲೆ?"

"ಮಾಮಿ, ಮದರಾಸಿಂದ ಗುರುಚರಣ. ನಿಮ್ಮ ಅಕ್ಕನ ಹತ್ರ ಮಾತಾಡಿ. ಜೋರಾಗಿ, ನಿಲ್ಲಿಸದೆ." ಮೊಬೈಲನ್ನು ಸ್ಪೀಕರಿಗೆ ಹಾಕಿ, ಮಂಡಿಯೂರಿ, ಬಾಗಿಲಿನ ಕೆಳಗಿನ ಸಂದಿಗೆ ಹಿಡಿದರು.

"ಅಕ್ಕಾ? ನಿನ್ನ ಮಗಳು ಫೋನ್ ಮಾಡಕೂಡದು ಅಂತ ನನಗೆ ಆರ್ಡರ್ ಹಾಕಿದಾಳೆ ಕಣೇ. ದೊಡ್ಡ ಆಫೀಸರು. ನಾನು ಮಾತಾಡಿದರೆ ನಿನಗೆ ಆಯಾಸ ಆಗತ್ತಂತೆ. ಎಪ್ಪತ್ತು ವರ್ಷ ನೀನು ಮಾತಾಡಿ ನನಗೆ ಆಯಾಸ ಆಗಲಿಲ್ವಾ? ಅಕ್ಕಾ, ಕೋಪಾನಾ? ಮಾತಾಡೇ."

ಕಡೆಗೆ ತೆಳ್ಳನೆಯ ದನಿ: "ಜಯೂ, ನೀನೇನೇ?"

"ಇನ್ಯಾರು? ಮೂಗಲ್ಲಿ ಮಾತಾಡೋಳು ಮೈಸೂರಲ್ಲಿ ನಾನೊಬ್ಬಳೇ."

ಅಗುಳಿ ಸರಿಯಿತು. ತುಂಗಮ್ಮ ಬಚ್ಚಲಿನ ಮಣೆಯ ಮೇಲೆ ಕುಸಿದು ಕೂತಿದ್ದರು. ಸೀರೆ ತೊಟ್ಟಿಕ್ಕುತ್ತಿತ್ತು, ತುಟಿ ನೀಲಿಗಟ್ಟಿತ್ತು. ಗುರುಚರಣರು ಕೈಗೆ ಸಿಕ್ಕ ಟವೆಲು, ಹೊದಿಕೆಯೆಲ್ಲ ಸುತ್ತಿ, ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ಈ ಸಲ ಶ್ರೀಪ್ರಿಯಾ ಫೋನೆತ್ತಿದಳು. ವೈದ್ಯರನ್ನು ಕರೆದುಕೊಂಡೇ ಬಂದಳು. ನಾಡಿ ಪರವಾಗಿಲ್ಲ, ಇಂದು ರಾತ್ರಿಯವರೆಗೆ ಕಣ್ಣಿಟ್ಟಿರಿ ಎಂದು ಅವರು ಹೇಳಿ ಹೋದರು.

ಒಣಸೀರೆಯುಟ್ಟು, ಬಿಸಿ ಹಾಲು ಕುಡಿದು, ತುಂಗಮ್ಮ ಪತ್ರಿಕೆಯ ಮೇಲೆ ಬೆರಳಿಟ್ಟರು. "ಯಾರು ಹಾಕಿದ್ದು ಇದನ್ನ?"

ಹೊಸಬಳು ಹೇಳಿದಳು ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಶ್ರೀಪ್ರಿಯಾ ಕೂಡ ಬೇರೆ ಯಾರದೋ ಹೆಸರಿಗೆ ಕಾದಂತೆ ಅವರ ಮುಖ ನೋಡುತ್ತಿದ್ದಳು.

"ನಾನೇ ಮಾಮಿ. ತಪ್ಪು ಅಂತ ಗೊತ್ತಿದ್ದೂ ಹಾಕಿದೆ. ಒಂದು ಹುಡುಗಿ ನಕ್ಕಳು ಅಂತ, ಅವಳಿಗೆ ಬುದ್ಧಿ ಬರಲಿ ಅಂತ."

ಶ್ರೀಪ್ರಿಯಾ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಇಟ್ಟ ಸದ್ದು ಜೋರಾಗಿತ್ತು. ತುಂಗಮ್ಮ ಮಾತ್ರ ಆ ಪುಟದಿಂದ ಕಣ್ಣು ಕೀಳಲಿಲ್ಲ.

"ಇವನು ಮೃದಂಗದ ಅಜಿತ್. ಇದ್ದಾನಾ?"

"ಇದ್ದಾರೆ."

"ಇವನು ಕೊಳಲಿನ ಅಂದಾನಿ?"

"ಇದ್ದಾರೆ. ಎಣ್ಣೂರಿನಲ್ಲಿ ಮನೆ."

"ಹಾಗಾದ್ರೆ ಇಲ್ಲಿ ಯಾಕೆ ಕೂತಿದ್ದೀಯ? ಅವರ ಮನೇಲೂ ನನ್ನಂಥೋರು ಇರ್ತಾರೆ. ಎದ್ದು ಹೋಗು."

ಮೆಟ್ಟಿಲು ಇಳಿಯುತ್ತಲೇ ರಚನಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು.

"ನಾನು ಕೇಳಿದ್ನಲ್ಲ ಸಾರ್, ತೊಂದ್ರೆನಾ ಅಂತ."

"ಹೌದು ಮಾ, ನೀನು ಕೇಳಿದ್ದೆ."

"ಟೈಮ್‌ಟೇಬಲ್ ಅಂದಿದ್ದು ನಂದೂ ತಪ್ಪೇ. ಆದ್ರೆ ಅದಕ್ಕೆ ಇದಾ?" ಎಂದಳು, ಆಮೇಲೆ ದನಿ ಬದಲಿಸಿ, "ಉಳಿದ ಕಾಪಿ ತಡೀತೀನಿ. ಆ ಹಾಳೆ ಮತ್ತೆ ಪ್ರಿಂಟ್ ಆಗ್ಲಿ. ಕಾಪಿ ಹೋಗಿರೋ ಎಲ್ಲರಿಗೂ ಮನೀಶ್ ಫೋನ್ ಮಾಡ್ತಾನೆ, ಅಜಿತ್ ಮನೆಗೆ ನಾನು ಹೋಗ್ತೀನಿ. ಎಣ್ಣೂರು ದೂರ ಸಾರ್, ಅಲ್ಲಿಗೂ ನಾನೇ ಹೋಗ್ಲಾ?"

"ಬೇಡ ಮಾ. ಅದು ನಂದು."

ಎಣ್ಣೂರಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವ ಬೀದಿಯಲ್ಲಿ ಅಂದಾನಿಯ ಮನೆ. ಅವರು ಸಂಗೀತ ಕಚೇರಿಗೆಂದು ತಿರುಚ್ಚಿಗೆ ಹೋಗಿದ್ದರು. ಬಾಗಿಲು ತೆರೆದವರು ಅವರ ತಾಯಿ, ಗದಗದ ಕಡೆಯ ಮುದುಕಿ. ಗುರುಚರಣರು ಹೊಸ್ತಿಲಾಚೆಯೇ ನಿಂತು, "ನಿಮ್ಮ ಮಗ ಚೆನ್ನಾಗಿದ್ದಾರಮ್ಮ" ಎಂದರು.

"ಯಾಕ, ಅವಂಗೇನಾಗೇತಿ?" ಎಂದಳು ಆಕೆ, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ.

ಆ ಬೀದಿಗೆ ಅಂಚೆ ಇನ್ನೂ ಬಂದಿರಲಿಲ್ಲ. ಅಂಚೆಯವನನ್ನು ಹೊರಗೇ ತಡೆದು, ಆ ಪ್ರತಿಯನ್ನು ಕೇಳಿ ಪಡೆದು, ಯಾರಿಗೂ ತಿಳಿಯದಂತೆ ಹಿಂತಿರುಗಬಹುದಿತ್ತು. ಗುರುಚರಣರು ಚಪ್ಪಲಿ ಬಿಟ್ಟು ಒಳಗೆ ಹೋದರು, ಆಕೆಯ ಎದುರು ನೆಲದ ಮೇಲೆ ಕೂತರು, ಮೊದಲಿನಿಂದ ಹೇಳತೊಡಗಿದರು.