ಸತ್ತ ಮೇಲೂ ಶುಗರ್ ಇರುತ್ತದೆಯೇ?

'ಸತ್ತ ಮೇಲೂ ಶುಗರ್ ಇರುತ್ತಾ ಮಾರಾಯ್ತಿ?'

ಬೆಳಗಿನ ಕಾಫಿ ಲೋಟ ಕೈಯಲ್ಲಿರುವಾಗ ಫೋನಿನಲ್ಲಿ ಇಂಥ ಪ್ರಶ್ನೆ ಬಂದರೆ ನೀವೇನು ಹೇಳುತ್ತೀರಿ? ನಾನಂತೂ ಮೊದಲು ಲೋಟ ಕೆಳಗಿಟ್ಟೆ.

ಕೇಳಿದ್ದು ತೀರ್ಥಹಳ್ಳಿಯಲ್ಲಿರುವ ನನ್ನ ಅತ್ತಿಗೆ. ಅಣ್ಣ ತೀರಿಕೊಂಡು ವರ್ಷ ಕಳೆದಿದೆ. ಈ ಮಹಾಲಯ ಅಮಾವಾಸ್ಯೆಯ ಹಿರಿಯರ ಎಡೆಯಲ್ಲಿ ಮೊದಲ ಸಲ ಅವನಿಗೂ ಒಂದು ಎಲೆ. ಎಡೆ ಎಂದರೆ ಗೊತ್ತಲ್ಲ, ಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ ಇಡಬೇಕು. ಅಜ್ಜನಿಗೆ ಬೀಡಿ. ಅಜ್ಜಿಗೆ ಎಲೆಯಡಿಕೆ. ದೊಡ್ಡಪ್ಪನಿಗೆ ಒಂದು ಕ್ವಾರ್ಟರ್ ಬ್ರಾಂದಿ (ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಪ್ರತಿ ವರ್ಷ ತಪ್ಪದೆ ಬರುತ್ತದೆ).

ಅಣ್ಣನಿಗೆ ಇಷ್ಟವಿದ್ದದ್ದು ಮೈಸೂರು ಪಾಕು. ಅಣ್ಣನಿಗೆ ಇದ್ದದ್ದು ಶುಗರ್. ಈಗ ತಲೆನೋವು ಅದೇ.

'ಸತ್ತೋರಿಗೆ ಎಂತ ಪಥ್ಯ? ಇಷ್ಟ ಆಗಿದ್ದು ಇಟ್ರಾಯ್ತಪ್ಪ' ಎಂದು ಚಿಕ್ಕಪ್ಪ ಆಗಲೇ ತೀರ್ಪು ಕೊಟ್ಟಿದ್ದರಂತೆ. ಅತ್ತಿಗೆಗೆ ಸಮಾಧಾನವಿಲ್ಲ. 'ನೀ ಅದೆಂತೋ ಮಮ್ಮಿಗಳ ಪುಸ್ತಕ ಓದ್ತಿದೀಯಲ್ಲ, ಅದ್ರಲ್ಲಿ ಎಂತಾದ್ರೂ ಬರ್ದಿದಾರಾ ನೋಡು' ಎಂದರು.

ಓದುತ್ತಿದ್ದದ್ದು ನಿಜ. ಸಾಗರದ ಲೈಬ್ರರಿಯಿಂದ ತಂದ ದಪ್ಪ ಪುಸ್ತಕ. ಪ್ರಾಚೀನ ಈಜಿಪ್ಟಿನವರ ಊಟ, ಉಡುಪು, ಸಾವು ಎಲ್ಲ ಅದರಲ್ಲಿದೆ. ಪಿರಮಿಡ್ಡಿನ ಎತ್ತರ ಕಟ್ಟಿಕೊಂಡು ನನಗೇನಾಗಬೇಕು? ನನಗೆ ಬೇಕಾದದ್ದು ಆ ಜನ ದಿನಾ ಏನು ತಿನ್ನುತ್ತಿದ್ದರು ಎಂಬುದು. ರೊಟ್ಟಿ, ಈರುಳ್ಳಿ, ಬಿಯರ್. ಬೀಸುವಾಗ ಹಿಟ್ಟಿಗೆ ಮರಳು ಸೇರಿ, ವಯಸ್ಸಾಗುವ ಹೊತ್ತಿಗೆ ಹಲ್ಲು ಸವೆದೇ ಹೋಗಿರುತ್ತಿತ್ತಂತೆ. ಸಿಹಿಗೆ ಜೇನು, ಖರ್ಜೂರ. ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಎಂದು ಅಲ್ಲಿಗೆ ಹೋಗಿಬಂದ ಗ್ರೀಕನೊಬ್ಬ ಬರೆದಿಟ್ಟಿದ್ದಾನೆ. (ನಮ್ಮಲ್ಲಿ ಆ ಪದ್ಧತಿ ಇದ್ದಿದ್ದರೆ ನನಗೆ ಇಷ್ಟು ಹೊತ್ತಿಗೆ ಹುಬ್ಬೇ ಇರುತ್ತಿರಲಿಲ್ಲ.)

ಎಡೆಯ ಹಿಂದಿನ ದಿನ ಬಸ್ಸು ಹತ್ತಿದೆ. ತಿರುವುಗಳಲ್ಲಿ ತಲೆ ಸುತ್ತಿದರೂ ಬಿಡದೆ, ಹೊಸನಗರ ದಾಟುವವರೆಗೂ ಸಾವಿನ ಅಧ್ಯಾಯ ಓದಿದೆ. ಅವರ ಸಮಾಧಿಗಳ ಗೋಡೆಯಲ್ಲಿ ಕಲ್ಲಿನಲ್ಲೇ ಕೆತ್ತಿದ ಒಂದು ಬಾಗಿಲಿರುತ್ತಿತ್ತಂತೆ. ತೆರೆಯಲು ಬರುವ ಬಾಗಿಲಲ್ಲ. ಅದರ ಮುಂದೆ ರೊಟ್ಟಿ, ಬಿಯರ್, ಮಾಂಸ ಇಡಬೇಕು. ಸತ್ತವರು ಆ ಬಾಗಿಲಿನಿಂದ ಬಂದು ಉಂಡು ಹೋಗುತ್ತಾರೆ. ನಾವು ಮಾಡುವುದೇನು? ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲಿ ಎಂದು ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಅಲ್ಲಿ ಇಟ್ಟ ಊಟ ಆಮೇಲೆ ಪೂಜಾರಿಗಳ ಪಾಲು. ಇಲ್ಲಿ? ಎಡೆಯ ಕೋಳಿಸಾರನ್ನು ಯಾವ ಅಜ್ಜನೂ ಖಾಲಿ ಮಾಡಿದ್ದು ನಾನು ಕಂಡಿಲ್ಲ, ಚಿಕ್ಕಪ್ಪ ಮಾಡಿದ್ದು ಕಂಡಿದ್ದೇನೆ.

ನನಗೆ ನಗು ಬಂದದ್ದು ಇನ್ನೊಂದು ಸಂಗತಿಗೆ. ಕೆಲವರು ಸತ್ತವರಿಗೆ ಇಡುವ ಬಟ್ಟಲಿನ ಮೈಮೇಲೆಯೇ ದೂರು ಬರೆಯುತ್ತಿದ್ದರಂತೆ. ನಾನು ನಿನಗೆ ಏನು ಕಡಿಮೆ ಮಾಡಿದ್ದೆ, ನನ್ನ ಕಷ್ಟ ಕಂಡೂ ಸುಮ್ಮನಿದ್ದೀಯಲ್ಲ, ಎಂಬ ಧಾಟಿಯಲ್ಲಿ. ಊಟದ ಜೊತೆಗೇ ಬೈಗುಳ! ಸತ್ತವರ ಜೊತೆ ಜಗಳ ಆಡುವವರೂ ಇರುತ್ತಾರೆಯೇ ಎಂದು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತರು.

'ಸಿಕ್ತನೇ?' ಅತ್ತಿಗೆ ಅಡುಗೆಮನೆಯಲ್ಲಿ ಕಡುಬಿಗೆ ಅಕ್ಕಿ ನೆನೆಹಾಕುತ್ತಿದ್ದರು.

ನಾನು ವರದಿ ಒಪ್ಪಿಸಿದೆ. ಮಮ್ಮಿ ಮಾಡುವಾಗ ಮಿದುಳನ್ನು ಮೂಗಿನಿಂದ ತೆಗೆದು ಬಿಸಾಡುತ್ತಿದ್ದರು. ಹೃದಯ ಮಾತ್ರ ಇದ್ದಲ್ಲೇ ಇರಬೇಕು. ಲಿವರ್, ಶ್ವಾಸಕೋಶ, ಹೊಟ್ಟೆ, ಕರುಳು ಬೇರೆ ಬೇರೆ ಜಾಡಿಗೆ.

'ಹೊಟ್ಟೆ ಜಾಡಿಗೆ ಹಾಕಿದ್ರೆ ಉಂಡಿದ್ದು ಎಲ್ಲಿಗ್ ಹೋಗ್ತದೆ?'

'ಗೊತ್ತಿಲ್ಲ ಅತ್ತಿಗೆ.'

'ಪ್ಯಾಂಕ್ರಿಯಾಸು? ನಿಮ್ಮಣ್ಣಂಗೆ ಕೆಟ್ಟಿದ್ದು ಅದೇ ಅಲ್ವಾ?'

'ಅದರ ಸುದ್ದೀನೇ ಇಲ್ಲ. ಆದ್ರೆ ಸಮಾಧಿ ಚಿತ್ರದಲ್ಲಿ ಸತ್ತೋರೆಲ್ಲ ತೆಳ್ಳಗೆ, ಚೆಂದಕ್ಕೆ, ಗದ್ದೆ ಕೊಯ್ತಾ ಇದಾರೆ. ಅಲ್ಲಿ ಕಾಯಿಲೆ ಇಲ್ಲ ಅಂತ ಕಾಣ್ತದೆ.'

'ಚಿತ್ರ ಬರ್ಸಿದ್ದು ಅವ್ರೇ ಅಲ್ವನೇ? ಮದುವೆ ಫೋಟೋದಲ್ಲಿ ನಾವೂ ಚೆಂದಾಗೇ ಇದೀವಿ.'

ನಕ್ಕೆವು. ಆಮೇಲೆ ಅತ್ತಿಗೆ ಅಕ್ಕಿ ಪಾತ್ರೆಯೊಳಗೆ ಕೈ ಇಟ್ಟುಕೊಂಡೇ ನಿಂತರು. 'ಒಂದು ಚೂರು ಸಿಹಿ ತಿನ್ನಕ್ಕೆ ಬಿಡ್ಲಿಲ್ಲ ಕಣೇ ಅವ್ರನ್ನ. ಮದುವೆ ಮನೇಲಿ ಎಲ್ಲರ ಎದುರಿಗೇ ಎಲೆಯಿಂದ ಎತ್ತಿ ಇಟ್ಟಿದೀನಿ. ಹೆಂಗೂ ಹೋಗೋರೇ ಆಗಿದ್ರೆ ತಿಂದ್ಕಂಡು ಹೋಗ್ಲಿ ಅಂತ ಬಿಡ್ಬಹುದಿತ್ತಲ್ಲಾ?'

ಮೈಸೂರು ಪಾಕು ಇಟ್ಟರೆ ಅಷ್ಟು ವರ್ಷ ಪಥ್ಯ ಮಾಡಿಸಿದ್ದು ದಂಡವಾಯಿತು ಎಂದು ಒಪ್ಪಿಕೊಂಡ ಹಾಗೆ. ಇಡದಿದ್ದರೆ ಸತ್ತ ಮೇಲೂ ಗಂಡನ ಬಾಯಿ ಕಟ್ಟಿದ ಹಾಗೆ. ಪ್ರಶ್ನೆ ಶುಗರಿನದ್ದಲ್ಲ ಎಂದು ನನಗೆ ಆಗ ಗೊತ್ತಾಯಿತು, ಸಂಕಟವೂ ಆಯಿತು. ಇದಕ್ಕೆ ಯಾವ ಪುಸ್ತಕದಲ್ಲಿ ಹುಡುಕುವುದು?

ಮರುದಿನ ಎಲೆಗಳು ಸಾಲಾದವು. ಕಡುಬು, ಕೋಳಿಸಾರು, ಬೀಡಿ, ಎಲೆಯಡಿಕೆ, ಆ ಕ್ವಾರ್ಟರ್. ಕೊನೆಗೆ ಅತ್ತಿಗೆ ಒಳಗಿನಿಂದ ಬಂದು ಅಣ್ಣನ ಎಲೆಗೆ ದೊಡ್ಡದೊಂದು ಮೈಸೂರು ಪಾಕು ಇಟ್ಟರು. ಚಿಕ್ಕಪ್ಪ ಗೆದ್ದವರಂತೆ ತಲೆಯಾಡಿಸಿದರು. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಪುಟ್ಟ ಸ್ಟೀಲ್ ಬಟ್ಟಲು ಬಂತು. ಅದರಲ್ಲಿ ಬಿಳಿ ಮಾತ್ರೆ.

'ಇದೆಂತನೇ?' ಎಂದರು ಚಿಕ್ಕಪ್ಪ.

'ಊಟಕ್ ಮುಂಚೆ ತಗಳೋದು. ಸಿಹಿ ತಿಂತಾರಲ್ಲ, ಬ್ಯಾಡ್ವಾ?'

ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಒಳಗೆ ಸದ್ದಾಗುತ್ತದೆಯೇ ಎಂದು ನಾನು ಕಿವಿಗೊಟ್ಟದ್ದು ನಿಜ. (ನಗಬೇಡಿ, ನೀವೂ ಕಿವಿಗೊಡುತ್ತಿದ್ದಿರಿ.)

ಬಾಗಿಲು ತೆಗೆದ ಕೂಡಲೇ ಅತ್ತಿಗೆ ನೇರ ಅಣ್ಣನ ಎಲೆಯ ಮುಂದೆ ಬಗ್ಗಿದರು. ಮೈಸೂರು ಪಾಕಿನ ಒಂದು ಮೂಲೆ ಉದುರಿತ್ತು. ಬೇಕರಿಯಿಂದ ತರುವಾಗಲೇ ಉದುರಿದ್ದಿರಬೇಕು, ನಾನು ಹೇಳಲಿಲ್ಲ. ಮಾತ್ರೆ ಬಟ್ಟಲಿನಲ್ಲಿ ಹಾಗೇ ಇತ್ತು.

'ನೋಡ್ದೇನೇ? ಸಿಹಿಗೆ ಕೈ ಹಾಕಿದಾರೆ, ಮಾತ್ರೆ ಮುಟ್ಟಿಲ್ಲ! ಇದ್ದಾಗ್ಲೂ ಹಿಂಗೇ. ರೀ, ನಿಮ್ಗೆ ಎಷ್ಟು ಸಲ ಹೇಳೋದು? ನಾ ಹೇಳಿದ್ದು ನಿಮ್ ಒಳ್ಳೇದಕ್ಕೋ, ನನ್ ಒಳ್ಳೇದಕ್ಕೋ?'

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಎಲೆಯ ಮುಂದೆ ಕೂತು ಅತ್ತಿಗೆ ಅಣ್ಣನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಅವನು ಹೋದಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ಬೈಗುಳ ಅದು. ನನಗೆ ಎಷ್ಟು ಖುಷಿಯಾಯಿತೆಂದರೆ, ಮೈಸೂರು ಪಾಕಿನ ಇನ್ನೊಂದು ಮೂಲೆಯನ್ನು ನಾನೇ ಮುರಿದು ಬಾಯಿಗೆ ಹಾಕಿಕೊಂಡೆ.

ಸತ್ತವರ ಜೊತೆ ಜಗಳ ಆಡುವವರೂ ಇರುತ್ತಾರೆಯೇ ಎಂದು ಬಸ್ಸಿನಲ್ಲಿ ನಕ್ಕವಳು ನಾನೇ ತಾನೇ?