ಎಂಟರ್ ಒತ್ತಿದಾಗಲೆಲ್ಲ ಬದಲಾದ ಬಾವಿ ನೀರು

"ಅಕ್ಕೋರೆ, ಆನು ಬಾಟ್ಲಿ ಮುಟ್ಟಿದ್ದೇ ಇಲ್ಲೆ, ನೀರು ಹ್ಯಾಂಗೆ ಬದಲಾತು?"

ಉಮ್ಮಚಗಿ ಊರಿನ ತಮ್ಮ ಮನೆ ಬಾವಿಯ ನೀರು ತಂದಿದ್ದ ಭಾಗೀರಥಮ್ಮ ಒಮ್ಮೆ ನನ್ನ ಕಂಪ್ಯೂಟರನ್ನೂ ಒಮ್ಮೆ ಮಡಿಲಲ್ಲಿದ್ದ ಬಾಟಲಿಯನ್ನೂ ನೋಡಿದರು.

ನಾನು ಯಲ್ಲಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅವರ ಗಂಡನಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಗಡಸು ನೀರೇ ಕಾರಣವೆಂದು ಮೈದುನ ಬಾವಿ ಮುಚ್ಚಿಸಲು ಹೊರಟಿದ್ದರಂತೆ. ನೀರನ್ನು ಪರೀಕ್ಷಿಸಿ, ಬರೆದಿಟ್ಟುಕೊಂಡ ಅಳತೆಗಳನ್ನು ಎಕ್ಸೆಲ್ ಹಾಳೆಗೆ ತುಂಬುತ್ತಿದ್ದೆ. ಮೊದಲ ಅಳತೆಗೆ, "ನೀರು ಮೆದು ಇದೆ" ಎಂದೆ. ಎರಡನೆಯದನ್ನು ಬರೆದು ಎಂಟರ್ ಒತ್ತಿದರೆ ವಿಪರೀತ ಗಡಸು! ಮತ್ತೊಮ್ಮೆ ಒತ್ತಿದೆ. ಪುನಃ ಮೆದು.

ಭಾಗೀರಥಮ್ಮ ನನ್ನ ಕೈ ಹಿಡಿದುಕೊಂಡರು. "ಈಗ ಒಳ್ಳೇದೇ ಬಂಜು, ಇನ್ನು ಒತ್ತದು ನಿಲ್ಸ್‌ಬಿಡಿ."

ಆಗ ಹೊಳೆಯಿತು. ನಾನು ತೆರೆದಿದ್ದು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಮಾಡಿದ್ದ ಹಾಳೆ. ಎಂಟರ್ ಒತ್ತಿದಾಗಲೆಲ್ಲ ಅದು ನನ್ನ ಅಳತೆಯನ್ನು ಬಿಟ್ಟು, ತಾನೇ ಅಂಕಿ ಹುಟ್ಟಿಸಿ, ಎಲ್ಲೂ ಇಲ್ಲದ ಹೊಸ ನೀರೊಂದರ ಲೆಕ್ಕ ಕೊಡುತ್ತಿತ್ತು. ನಾಚಿಕೆಯಿಂದ ಹಾಗೆಂದು ಒಪ್ಪಿಕೊಂಡೆ. ಇನ್ನು ಅವರು ಯಾವ ಅಂಕಿಯನ್ನೂ ನಂಬುವಂತಿರಲಿಲ್ಲ. ಪ್ರಯೋಗಾಲಯಕ್ಕೆ ಕರೆದೊಯ್ದು ಅವರೆದುರೇ ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲವೂ ಪರೀಕ್ಷಾ ದ್ರಾವಣದ ಕೆಲವೇ ಹನಿಗಳಿಗೆ ನೀರಿಗೆ ಬೆರೆಸಿದ್ದ ಕೆಂಪು ಬಣ್ಣ ನೀಲಿಗೆ ತಿರುಗಿತು; ಗಡಸು ನೀರಾಗಿದ್ದರೆ ಬಹಳ ಹನಿ ಬೇಕಾಗುತ್ತಿತ್ತು. ನೀರು ನಿಜಕ್ಕೂ ಮೆದುವಾಗಿತ್ತು. ಭಾಗೀರಥಮ್ಮ ಆ ನೀಲಿ ನೀರಿನ ಫೋಟೊವನ್ನು ಮೈದುನನಿಗೆ ಅಲ್ಲಿಂದಲೇ ಕಳಿಸಿದರು. ಬಾವಿ ಉಳಿಯಿತು.

ಈಗ ಯಾರಿಗೇ ಫಲಿತಾಂಶ ಹೇಳುವ ಮೊದಲು ಸುಮ್ಮನೆ ಇನ್ನೊಮ್ಮೆ ಎಂಟರ್ ಒತ್ತುತ್ತೇನೆ. ಅಂಕಿ ಕದಲದಿದ್ದರೆ ಮಾತ್ರ ಬಾಯಿ ಬಿಡುತ್ತೇನೆ.